ಸಾರದೆ ನಡೆಯುವ ಸಮರ

(ವಾಷಿಂಗ್ಟನ್, ಶ್ವೇತಭವನ. ಒಬ್ಬ ಅಧ್ಯಕ್ಷರು, ಅವರ ವಕೀಲರು. ಅಧ್ಯಕ್ಷರು ಯಾವ ಪಕ್ಷದವರಾದರೂ ಸಂಭಾಷಣೆ ಇದೇ.)

ಅಧ್ಯಕ್ಷರು: ಯುದ್ಧ ಸಾರುವ ಅಧಿಕಾರ ಯಾರದು ವಕೀಲರೇ?

ವಕೀಲರು: ಸಂವಿಧಾನದ ಪ್ರಕಾರ ಕಾಂಗ್ರೆಸ್ಸಿನದು ಸಾರ್. ಕೊನೆಯ ಸಲ ಸಾರಿದ್ದು 1942ರಲ್ಲಿ.

ಅಧ್ಯಕ್ಷರು: ಆಮೇಲೆ ಯುದ್ಧವೇ ಆಗಲಿಲ್ಲವೇ?

ವಕೀಲರು: ಛೆ, ಎಲ್ಲಾದರೂ ಉಂಟೇ! ಸಾರುವ ಪದ್ಧತಿ ಮಾತ್ರ ಬಿಟ್ಟೆವು. ಕೊರಿಯಾದಲ್ಲಿ ಟ್ರೂಮನ್ ನಡೆಸಿದ್ದು ಪೊಲೀಸ್ ಕಾರ್ಯಾಚರಣೆ.

ಅಧ್ಯಕ್ಷರು: ನಿಕ್ಸನ್ ವೀಟೊ ಮೀರಿ ಬಂದ 1973ರ ಯುದ್ಧಾಧಿಕಾರ ಕಾಯ್ದೆ?

ವಕೀಲರು: 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ಕಾಗದ ಬರೆಯಬೇಕು. 60 ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ಪಡೆ ವಾಪಸು.

ಅಧ್ಯಕ್ಷರು: 61ನೇ ದಿನವೂ ಬಾಂಬು ಬೀಳುತ್ತಿದ್ದರೆ?

ವಕೀಲರು: 1999ರಲ್ಲಿ ಯುಗೊಸ್ಲಾವಿಯಾದ ಮೇಲೆ 78 ದಿನ ಬಿತ್ತು. ಕೆಲವು ಸದಸ್ಯರು ಕೋರ್ಟಿಗೆ ಹೋದರು. ದಾವೆ ಹೂಡುವ ಹಕ್ಕೇ ನಿಮಗಿಲ್ಲ ಎಂದಿತು ಕೋರ್ಟು. 2011ರ ಲಿಬಿಯಾ ಇನ್ನೂ ಸೊಗಸು. ನೆಲದ ಮೇಲೆ ನಮ್ಮ ಕಾದಾಳುಗಳಿಲ್ಲ, ಎದುರಿನವರು ತಿರುಗಿ ಹೊಡೆಯುವುದೂ ಅಷ್ಟಕ್ಕಷ್ಟೇ, ಆದ್ದರಿಂದ ಕಾಯ್ದೆ ಹೇಳುವ ಕದನ ಇದಲ್ಲ ಎಂದು ಒಬಾಮಾ ಸರ್ಕಾರ ವಾದಿಸಿತು.

ಅಧ್ಯಕ್ಷರು: ಏಟು ತಿನ್ನುವವನು ಸುಮ್ಮನಿದ್ದರೆ ಜಗಳವೇ ಅಲ್ಲ! ಭೇಷ್. ಆದರೂ ಕಾಂಗ್ರೆಸ್ಸಿನವರು ಕೂಗಾಡುತ್ತಾರಲ್ಲ?

ವಕೀಲರು: ಟೀವಿಯಲ್ಲಿ ಸಾರ್. ಮತ ಹಾಕಿದರೆ ದಾಖಲೆಗೆ ಹೋಗುತ್ತದೆ. 2002ರಲ್ಲಿ ಇರಾಕ್ ಯುದ್ಧಕ್ಕೆ ಹೂಂ ಅಂದದ್ದು 2008ರ ಅಧ್ಯಕ್ಷ ಚುನಾವಣೆಯ ಸ್ಪರ್ಧೆಯಲ್ಲೂ ಹಿಲರಿ ಕ್ಲಿಂಟನ್ ಅವರ ಬೆನ್ನು ಬಿಡಲಿಲ್ಲ.

ಅಧ್ಯಕ್ಷರು: ಸೌಜನ್ಯಕ್ಕೆ ಒಮ್ಮೆ ಕೇಳಿಬಿಟ್ಟರೆ?

ವಕೀಲರು: 2013ರಲ್ಲಿ ಸಿರಿಯಾ ವಿಷಯಕ್ಕೆ ಒಬಾಮಾ ಕೇಳಿದ್ದರು. ಎರಡೂ ಸದನ ಮತಕ್ಕೇ ಹಾಕಲಿಲ್ಲ.

ಅಧ್ಯಕ್ಷರು: ಪಾಪ, ಅವರಿಗೇಕೆ ತೊಂದರೆ! ಕಾಗದ ತನ್ನಿ. ಆ 48 ಗಂಟೆ ಯಾವಾಗಿನಿಂದ ಲೆಕ್ಕ?

ವಕೀಲರು: ಶುರು ಮಾಡಿದ ಮೇಲೆ ಸಾರ್.