ಆರಂಭಶೂರ ವೈಮಾನಿಕ ಶಾಸ್ತ್ರ

ಬಾಲ್ಸಾ ವಿಮಾನವೆಂಬುದು ಒಂದು ಪೆಟ್ಟಿಗೆ ಕಡ್ಡಿ, ಒಂದು ಹಾಳೆ ನಕ್ಷೆ, ಒಬ್ಬ ಆರಂಭಶೂರ ಈ ಮೂರೂ ಕೂಡಿದಾಗ ಹುಟ್ಟುವ, ಗಾಳಿಗಿಂತ ಭಾರವಾದ ವಸ್ತು. ಮೊದಲ ಎರಡಕ್ಕೆ ಹಾರುವ ಯೋಗ್ಯತೆ ಇದೆಯೆಂಬುದು ಬಹಳ ಹಿಂದೆಯೇ ಸಿದ್ಧವಾಗಿದೆ. ಮೂರನೆಯದು ಸೇರಿದ ಮೇಲೆ ಆ ಯೋಗ್ಯತೆಯಲ್ಲಿ ಎಷ್ಟು ಪಾಲು ಉಳಿಯುತ್ತದೆ ಎಂಬುದೇ ಈ ಶಾಸ್ತ್ರದ ವಿಚಾರ. ಹಾರುವ ವಿಮಾನದ ಮೇಲೆ ನಾಲ್ಕು ಬಲಗಳು ಕೆಲಸಮಾಡುತ್ತವೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ: ತೂಕ ಕೆಳಕ್ಕೆ, ಎತ್ತುಬಲ ಮೇಲಕ್ಕೆ, ನೂಕುಬಲ ಮುಂದಕ್ಕೆ, ಗಾಳಿಯ ತಡೆ ಹಿಂದಕ್ಕೆ. ಐದನೆಯ ಬಲವನ್ನು ಅವು ಹೇಳದೆ ಬಿಟ್ಟಿವೆ. ಅದು ಆರಂಭಶೂರ. ಇದರ ಪ್ರಮಾಣ ಉತ್ಸಾಹವನ್ನು ಅವಲಂಬಿಸಿರುತ್ತದೆ; ದಿಕ್ಕು ಯಾವುದನ್ನೂ ಅವಲಂಬಿಸಿಲ್ಲ.

‘ಆರಂಭಶೂರ’ ಎಂಬುದು ಆಡುಮಾತಿನಲ್ಲಿ ಬೈಗುಳಕ್ಕೆ ಹತ್ತಿರದ ಪದ. ಇಲ್ಲಿ ಅದು ಬರೀ ಪಾರಿಭಾಷಿಕ. ಲಕ್ಷಣ ಹೀಗೆ: ಮುಚ್ಚಳದ ಮೇಲಿನ ಚಿತ್ರ ನೋಡಿ ಪೆಟ್ಟಿಗೆ ಕೊಂಡವನು, ಕೊಂಡ ರಾತ್ರಿಯೇ ಬಿಡಿಭಾಗಗಳನ್ನೆಲ್ಲ ಹಲಗೆಗಳಿಂದ ಬಿಡಿಸಿ ಒಂದೇ ಗುಡ್ಡೆ ಹಾಕಿದವನು, ಭಾಗಗಳ ಗುರುತಿನ ಸಂಖ್ಯೆ ಇದ್ದದ್ದು ಉಳಿದ ಹಲಗೆಯ ಮೇಲೆ ಎಂಬುದನ್ನು, ಆ ಹಲಗೆ ಕಸದ ಗಾಡಿ ಹತ್ತಿದ ಮೇಲೆ ತಿಳಿದವನು. ಈ ಮೂರು ಲಕ್ಷಣಗಳಿಲ್ಲದವನನ್ನು ಕುಶಲಕರ್ಮಿ ಎನ್ನುತ್ತಾರೆ. ಅವನಿಗೆ ಶಾಸ್ತ್ರದ ಅಗತ್ಯವಿಲ್ಲ.

ಹೆಚ್ಚುಕಡಿಮೆ ಇದೇ ಹೆಸರಿನ ಗ್ರಂಥವೊಂದು ಕನ್ನಡನಾಡಿನಲ್ಲಿ ಮೊದಲೇ ಇರುವುದರಿಂದ ಎರಡನ್ನೂ ಬೇರ್ಪಡಿಸಿ ಹೇಳಬೇಕು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೆಯ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದ ವಿಮಾನಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಪರಿಶೀಲಿಸಿ, ಅವು ಹಾರಲಾರವೆಂದು ತೀರ್ಮಾನಿಸಿದರು. ಅವು ನಕ್ಷೆಯಲ್ಲೇ ಹಾರದ ವಿಮಾನಗಳು. ಯಾರೂ ಹಾರಿಸದ ಕಾರಣ ಒಂದೂ ಮುರಿಯಲಿಲ್ಲ. ಬಾಲ್ಸಾ ವಿಮಾನವಾದರೋ ನಕ್ಷೆಯಲ್ಲಿ ಸೊಗಸಾಗಿ ಹಾರುತ್ತದೆ. ಕಷ್ಟ ಶುರುವಾಗುವುದು ಅದನ್ನು ನಕ್ಷೆಯಿಂದ ಮೇಲೆತ್ತಿದಾಗ.

ಈ ವಿದ್ಯೆಯ ಇತಿಹಾಸ ಐದನೆಯ ಬಲವಿಲ್ಲದೆಯೇ ಆರಂಭವಾಗುತ್ತದೆ. 1871ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಟ್ಯುಲೆರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೊ ಎಂಬಾತ, ತಿರುಚಿದ ರಬ್ಬರಿನಿಂದ ಪ್ರೊಪೆಲ್ಲರ್ ತಿರುಗುವ ಪುಟ್ಟ ವಿಮಾನವನ್ನು 11 ಸೆಕೆಂಡು, ಸುಮಾರು 40 ಮೀಟರ್ ದೂರ ಹಾರಿಸಿದ. ಅದರ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಿದ್ದವು, ಹಿಂದೆ ಸ್ಥಿರವಾದ ಬಾಲವಿತ್ತು. ವಾಲಿದರೆ ತಾನೇ ನೆಟ್ಟಗಾಗುವ, ಮೂತಿ ತಗ್ಗಿದರೆ ತಾನೇ ಎತ್ತಿಕೊಳ್ಳುವ ಗುಣ ಅದರ ಮೈಯಲ್ಲೇ ಇತ್ತು. ರೈಟ್ ಸೋದರರು ತುಳಿದದ್ದು ಇದಕ್ಕೆ ವಿರುದ್ಧ ದಾರಿ. ಅವರ ವಿಮಾನಕ್ಕೆ ಸ್ವಂತ ಸ್ಥಿರತೆಯಿಲ್ಲ. ಪ್ರತಿ ಕ್ಷಣವೂ ಮನುಷ್ಯ ಅದನ್ನು ಹಿಡಿದು ಸಂಭಾಳಿಸಬೇಕು. 1903ರ ಡಿಸೆಂಬರ್ 17ರಂದು ಅದು ನಾಲ್ಕು ಸಲ ಹಾರಿತು. ಹೆಚ್ಚೆಂದರೆ 59 ಸೆಕೆಂಡು. ಅದೇ ದಿನ ಗಾಳಿಗೆ ಮಗುಚಿ ಮುರಿದು, ಮತ್ತೆಂದೂ ಹಾರಲಿಲ್ಲ. ಆರಂಭಶೂರರು ತಮ್ಮ ಮೊದಲ ಭಾನುವಾರದ ಲೆಕ್ಕ ಒಪ್ಪಿಸುವಾಗ ರೈಟರನ್ನೇ ಪ್ರಮಾಣವಾಗಿ ಉದ್ಧರಿಸುವುದುಂಟು. ಆ ಪ್ರಮಾಣ ಇಲ್ಲಿ ಸಲ್ಲದು. ಆರಂಭಶೂರರ ಕೈಗೆ ಬಂದಿರುವುದು ಪೆನೊನ ವಂಶದ ವಿಮಾನ.

1930 ಮತ್ತು 40ರ ದಶಕಗಳಲ್ಲಿ ಈ ವಂಶ ಬೆಳೆಯಿತು. ಸಣ್ಣ ಪೆಟ್ರೋಲ್ ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿತ್ತು. ಆಮೇಲೆ ವಿಮಾನ ತನ್ನಷ್ಟಕ್ಕೆ ತೇಲುತ್ತ ಇಳಿಯಬೇಕಿತ್ತು. ಆಗಿನ ಕಾಲದ ದೂರು ಅದು ಬೀಳುತ್ತದೆ ಎಂದಲ್ಲ, ಇಳಿಯುವುದಿಲ್ಲ ಎಂದು. ಮೇಲೇಳುವ ಬಿಸಿಗಾಳಿಯ ಪ್ರವಾಹಕ್ಕೆ ಸಿಕ್ಕಿದರೆ ಏರುತ್ತ ಏರುತ್ತ ಕಣ್ಣಿಗೆ ಕಾಣದಾಗುತ್ತಿತ್ತು. ಸಿಕ್ಕಿದವರು ತಂದುಕೊಡಲಿ ಎಂದು ಮೈಮೇಲೆ ವಿಳಾಸ ಬರೆದು ಬಿಡುತ್ತಿದ್ದರು. ನಿಧಾನವಾಗಿ ಉರಿಯುವ ಬತ್ತಿಯೊಂದು ರಬ್ಬರ್ ಬ್ಯಾಂಡನ್ನು ಸುಟ್ಟು, ಬಾಲ ಸೆಟೆದು ಮೇಲೆದ್ದು, ವಿಮಾನ ಹಾರುವುದನ್ನು ಮರೆತು ಕೆಳಗಿಳಿಯುವಂತೆ ಮಾಡುವ ಉಪಾಯವನ್ನೂ ಕಂಡುಹಿಡಿದರು. ರೇಡಿಯೊ ಬಂದದ್ದು ಈ ಹಿನ್ನೆಲೆಯಲ್ಲಿ. ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ 1937ರಲ್ಲಿ ‘ಗಫ್’ ಎಂಬ ವಿಮಾನವನ್ನು ರೇಡಿಯೊ ಮೂಲಕ ನಡೆಸಿದರು. ಅದು ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಹೀಗೆ ವಿಮಾನವನ್ನು ನೆಲಕ್ಕೆ ತರುವ ಸಮಸ್ಯೆಗೆ ಪರಿಹಾರ ಸಿಕ್ಕಿತು. ಆ ಪರಿಹಾರವನ್ನು ಪರಿಪೂರ್ಣಗೊಳಿಸಿದ ಕೀರ್ತಿ ಆರಂಭಶೂರನದು.

ಈ ಶಾಸ್ತ್ರಕ್ಕೆ ಆಧಾರವಾಗಿ ‘ಜೂನಿಯರ್ 60’ ಎಂಬ ಮಾದರಿಯನ್ನು ತೆಗೆದುಕೊಳ್ಳಬಹುದು. ಬ್ರಿಟನ್ನಿನ ಕೈಲ್‌ಕ್ರಾಫ್ಟ್ ಕಂಪನಿಗಾಗಿ ಆಲ್ಬರ್ಟ್ ಹ್ಯಾಟ್ಫುಲ್ 1946ರಲ್ಲಿ ಇದರ ವಿನ್ಯಾಸ ಮಾಡಿದರು. ಹೆಸರಿನ 60 ಎಂದರೆ ರೆಕ್ಕೆಯ ಉದ್ದ, ಅಂಗುಲಗಳಲ್ಲಿ. ಅಂದರೆ ಒಂದೂವರೆ ಮೀಟರ್ ಚಿಲ್ಲರೆ. ಹುಟ್ಟಿದಾಗ ಇದಕ್ಕೆ ರೇಡಿಯೊ ಇರಲಿಲ್ಲ, ಹಾರಿಸುವವನೂ ಇರಲಿಲ್ಲ. ಇಬ್ಬರನ್ನೂ ನಂತರ ಸೇರಿಸಿದ್ದು. ಪಾಠಪರಿಷ್ಕರಣದ ಭಾಷೆಯಲ್ಲಿ ಆರಂಭಶೂರ ಒಂದು ಪ್ರಕ್ಷೇಪ.

ದ್ರವ್ಯವಿಚಾರ. ಬಾಲ್ಸಾ ಉಷ್ಣವಲಯದ ಅಮೆರಿಕದ ಮರ. ಸಸ್ಯಶಾಸ್ತ್ರದ ಹೆಸರು ಓಕ್ರೋಮಾ ಪಿರಮಿಡಾಲೆ. ಜಗತ್ತಿಗೆ ಹೆಚ್ಚಾಗಿ ಒದಗಿಸುವ ದೇಶ ಎಕ್ವಡಾರ್. ಸ್ಪ್ಯಾನಿಷ್‌ನಲ್ಲಿ ಬಾಲ್ಸಾ ಎಂದರೆ ತೆಪ್ಪ. 1947ರಲ್ಲಿ ಥಾರ್ ಹೆಯೆರ್ಡಾಲ್ ಎಂಬ ಸಾಹಸಿ ಪೆರುವಿನಿಂದ ಬಾಲ್ಸಾ ದಿಮ್ಮಿಗಳ ತೆಪ್ಪದಲ್ಲಿ ಹೊರಟು 101 ದಿನಗಳ ನಂತರ ಪಾಲಿನೇಷ್ಯದ ಹವಳದ ದಿಬ್ಬವೊಂದಕ್ಕೆ ಬಡಿದು ಯಾತ್ರೆ ಮುಗಿಸಿದ. ಬಾಲ್ಸಾ ವಾಹನಗಳ ಯಾತ್ರೆ ಮುಗಿಯುವ ಬಗೆ ಸಾಮಾನ್ಯವಾಗಿ ಇದೇ. ಎರಡನೆಯ ಮಹಾಯುದ್ಧದಲ್ಲಿ ಮಾಸ್ಕಿಟೊ ಯುದ್ಧವಿಮಾನದ ಒಡಲನ್ನು ಎರಡು ಪದರ ಪ್ಲೈವುಡ್ ನಡುವೆ ಬಾಲ್ಸಾ ಇಟ್ಟು ಮಾಡಿದ್ದರು. ಹೂ ಬಿಡುವ ಅಗಲ ಎಲೆಯ ಮರವಾದ್ದರಿಂದ ವರ್ಗೀಕರಣದ ಪ್ರಕಾರ ಇದು ತೇಗ, ಬೀಟೆಗಳ ಜೊತೆ ಗಟ್ಟಿಮರಗಳ ಸಾಲಿನಲ್ಲಿ ಕೂರುತ್ತದೆ. ಉಗುರು ತಾಗಿದರೆ ಗುಳಿ ಬೀಳುತ್ತದೆ. ವರ್ಗೀಕರಣ ಮಾಡಿದವರಿಗೆ ಉಗುರು ಇರಲಿಲ್ಲವೆಂಬ ವಾದಕ್ಕೆ ಆಧಾರ ಸಾಲದು.

ಬಾಲ್ಸಾದ ತೂಕ ತುಂಡಿನಿಂದ ತುಂಡಿಗೆ ಬದಲಾಗುತ್ತದೆ. ಒಂದೇ ಅಳತೆಯ ಎರಡು ಕಡ್ಡಿಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಹಗುರವಾದದ್ದು ಬಾಲಕ್ಕೆ, ಗಟ್ಟಿಯಾದದ್ದು ರೆಕ್ಕೆಯ ತೊಲೆಗೆ ಎಂಬುದು ವಿಧಿ. ಬಾಲ ದೂರದಲ್ಲಿರುವುದರಿಂದ ಅಲ್ಲಿ ಕೂಡಿದ ಒಂದು ಗ್ರಾಂಗೆ ಸಮನಾಗಿ ಮೂತಿಯಲ್ಲಿ ಎರಡು ಮೂರು ಗ್ರಾಂ ಸೀಸ ಹಾಕಬೇಕಾಗುತ್ತದೆ, ತಕ್ಕಡಿಯ ಲೆಕ್ಕವೇ. ಆರಂಭಶೂರನು ಬಾಲವನ್ನೇ ಮೊದಲು ಕಟ್ಟುತ್ತಾನೆ, ಏಕೆಂದರೆ ಅದು ಚಿಕ್ಕದು. ಅತಿ ಗಟ್ಟಿ ಕಡ್ಡಿಗಳನ್ನೇ ಆರಿಸುತ್ತಾನೆ, ಏಕೆಂದರೆ ಮೊದಲ ಕೆಲಸ ಭದ್ರವಾಗಿರಬೇಕು. ಪ್ರತಿ ಸಂದಿಗೂ ಅಂಟು ಧಾರಾಳವಾಗಿ ಸುರಿಯುತ್ತಾನೆ, ಏಕೆಂದರೆ ಬಾಟಲಿ ಹೊಸದು.

ಮೂಲಗ್ರಂಥ. ನಕ್ಷೆ ನಿಜ ಅಳತೆಯಲ್ಲೇ ಇರುತ್ತದೆ. ಅದನ್ನು ಮೆತ್ತನೆಯ ಹಲಗೆಯ ಮೇಲೆ ಹರಡಿ, ಅಂಟು ಹಿಡಿಯದಂತೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕಡ್ಡಿಗಳನ್ನು ಗೆರೆಯ ಮೇಲಿಟ್ಟು ಗುಂಡುಸೂಜಿಗಳಿಂದ ನಿಲ್ಲಿಸಿ ಅಂಟಿಸಬೇಕು. ಪ್ಲಾಸ್ಟಿಕ್ ಮರೆತ ಪಕ್ಷದಲ್ಲಿ ನಕ್ಷೆಯೂ ವಿಮಾನದ ಭಾಗವಾಗುತ್ತದೆ. ಜೊತೆಗಿರುವ ಸೂಚನೆಗಳು ಸೂತ್ರಶೈಲಿಯವು. ‘ಒಡಲಿನ ಪಕ್ಕಗಳನ್ನು ಎಂದಿನಂತೆ ಜೋಡಿಸಿ’ ಎಂಬ ಒಂದು ಸಾಲಿನಲ್ಲಿ ಮೂರು ವಾರಗಳ ಕೆಲಸ ಅಡಗಿರುತ್ತದೆ. ‘ಎಂದಿನಂತೆ’ ಎಂಬ ಪದದ ಮೇಲೆ ವ್ಯಾಖ್ಯಾನಕಾರರು ತುಂಬ ಜಿಜ್ಞಾಸೆ ಮಾಡಿದ್ದಾರೆ. ಹಿಂದೆ ಎಂದೂ ಮಾಡದವನಿಗೆ ‘ಎಂದಿನಂತೆ’ ಅನ್ವಯಿಸುವುದು ಹೇಗೆ ಎಂಬುದು ಪೂರ್ವಪಕ್ಷ. 1946ರಲ್ಲಿ ಇದನ್ನು ಕೊಳ್ಳುತ್ತಿದ್ದ ಹದಿಮೂರರ ಹುಡುಗನಿಗೆ ಅದಾಗಲೇ ನಾಲ್ಕು ವಿಮಾನ ಕಟ್ಟಿ ಗೊತ್ತಿರುತ್ತಿತ್ತು ಎಂಬುದು ಸಿದ್ಧಾಂತ. ಐವತ್ತರ ಆರಂಭಶೂರನಿಗೆ ಇದರಿಂದ ಸಮಾಧಾನವಾಗದು.

ರೆಕ್ಕೆಯ ಪ್ರಕರಣವೇ ಈ ಶಾಸ್ತ್ರದ ಹೃದಯ. ಅಂದಿನ ಅನೇಕ ವಿಮಾನಗಳು ವರ್ಜೀನಿಯಸ್ ಕ್ಲಾರ್ಕ್ 1922ರಲ್ಲಿ ರೂಪಿಸಿದ ಕ್ಲಾರ್ಕ್ ವೈ ಎಂಬ ಅಡ್ಡಕೊಯ್ತವನ್ನು, ಇಲ್ಲವೇ ಅದರ ನೆಂಟರನ್ನು ಬಳಸುತ್ತವೆ. ಮೇಲ್ಭಾಗ ಉಬ್ಬು, ತಳದ ಬಹುಪಾಲು ಚಪ್ಪಟೆ. ಚಪ್ಪಟೆ ತಳದಿಂದ ಗಾಳಿಗೆ ಏನು ಲಾಭವೋ, ಊಟದ ಮೇಜಿಗಂತೂ ದೊಡ್ಡ ಲಾಭ: ಪಕ್ಕೆಲುಬುಗಳು ತಾವೇ ನೆಟ್ಟಗೆ ಕೂರುತ್ತವೆ. ರೆಕ್ಕೆ ಎರಡು ಅರ್ಧಗಳಲ್ಲಿ ಕಟ್ಟುವಂಥದು. ನಕ್ಷೆಯಲ್ಲಿ ಜಾಗ ಉಳಿಸಲೆಂದು ಕೆಲವೊಮ್ಮೆ ಒಂದೇ ಅರ್ಧ ಬರೆದು, ‘ಇನ್ನೊಂದನ್ನು ತಿರುವುಮುರುವಾಗಿ ಕಟ್ಟಿ’ ಎಂದು ಮೂಲೆಯಲ್ಲಿ ಸೂಚಿಸಿರುತ್ತಾರೆ. ಆರಂಭಶೂರನು ಎಡ ರೆಕ್ಕೆ ಕಟ್ಟಿ, ಅದರ ಅಂದಕ್ಕೆ ತಾನೇ ಮಾರುಹೋಗಿ, ಅದೇ ನಕ್ಷೆಯ ಮೇಲೆ ಅದೇ ಶ್ರದ್ಧೆಯಿಂದ ಇನ್ನೊಂದು ಎಡ ರೆಕ್ಕೆ ಕಟ್ಟುತ್ತಾನೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಒಂದರ ಮುಂಗಡೆ ಇನ್ನೊಂದರ ಹಿಂಗಡೆಗೆ ಎದುರಾಗುತ್ತದೆ. ಮಗುಚಿ ನೋಡಿದರೆ ಉಬ್ಬು ಕೆಳಗೆ ಬರುತ್ತದೆ. ಹಾಗೆ ಮಗುಚಿ, ಹೀಗೆ ತಿರುಗಿಸಿ ನೋಡುವುದು ರಾತ್ರಿ ಹನ್ನೊಂದರ ತನಕ ನಡೆಯುತ್ತದೆ. ಎರಡು ಎಡಗಾಲಿನ ಚಪ್ಪಲಿಗಳನ್ನು ಹೇಗೆ ತಿರುಗಿಸಿದರೂ ಒಂದು ಜೊತೆಯಾಗದೆಂಬ ಜ್ಞಾನ ಮನೆಯವರಿಗೆಲ್ಲ ಇದ್ದೇ ಇರುತ್ತದೆ, ಅದನ್ನು ಅವರು ಹೇಳಿಯೂ ಹೇಳುತ್ತಾರೆ. ಎರಡನೆಯ ಎಡ ರೆಕ್ಕೆ ಅಟ್ಟ ಸೇರುತ್ತದೆ. ಬಲ ರೆಕ್ಕೆಗೆ ಹೊಸ ಕಡ್ಡಿ ತರಬೇಕಾಗುತ್ತದೆ.

ಎರಡು ಅರ್ಧಗಳನ್ನು ಕೂಡಿಸುವಾಗ ತುದಿಗಳು ಮೇಲಕ್ಕೆ ಬಾಗಿರಬೇಕು. ವಿಮಾನ ಒಂದು ಕಡೆ ವಾಲಿ ಜಾರಿದಾಗ, ತಗ್ಗಿದ ರೆಕ್ಕೆಗೆ ಗಾಳಿ ಹೆಚ್ಚಿನ ಕೋನದಲ್ಲಿ ಬಡಿದು ಅದನ್ನು ಮೇಲೆತ್ತುತ್ತದೆ. ಪೆನೊನ ಗುಟ್ಟು ಇದೇ. ಈ ಬಾಗು ಕಣ್ಣಿಗೆ ತಪ್ಪಾಗಿ ಕಂಡು ನೇರಮಾಡಿದವರುಂಟು.

ಅಂಟಿನ ವಿಷಯದಲ್ಲಿ ಎರಡು ಮತಗಳು. ಬಿಳಿ ಅಂಟಿನವರು ಅಂಟಿಸಿ, ಸೂಜಿ ಚುಚ್ಚಿ, ಬೆಳಗಿನ ತನಕ ಕಾಯುವವರು. ಇನ್ನೊಂದು ಫೆವಿಕ್ವಿಕ್ ಜಾತಿಯ ಕ್ಷಣದಂಟಿನವರ ಮತ. ಇದರ ಮೂಲದ್ರವ್ಯವನ್ನು 1942ರಲ್ಲಿ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬೇರೇನನ್ನೋ ಹುಡುಕುತ್ತಿದ್ದಾಗ ಕಂಡು, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂಬ ಕಾರಣಕ್ಕೇ ಬದಿಗಿಟ್ಟಿದ್ದರು. ಅವರ ಆ ಮೊದಲ ತೀರ್ಮಾನ ಎಷ್ಟು ಸರಿಯಿತ್ತೆಂಬುದು, ಪಕ್ಕೆಲುಬು, ಹೆಬ್ಬೆರಳು ಮತ್ತು ತೋರುಬೆರಳು ಒಂದೇ ಘಟಕವಾದಾಗ ಮನವರಿಕೆಯಾಗುತ್ತದೆ. ತೇವ ಸಿಕ್ಕಿದರೆ ಈ ಅಂಟು ಬೇಗ ಗಟ್ಟಿಯಾಗುವುದರಿಂದ ಬೆರಳನ್ನು ಬಾಯಲ್ಲಿಟ್ಟುಕೊಳ್ಳುವುದು ಚಿಕಿತ್ಸೆಯಲ್ಲ. ಅಸಿಟೋನ್ ಇರುವ ಉಗುರುಬಣ್ಣ ಅಳಿಸುವ ದ್ರವವೇ ಚಿಕಿತ್ಸೆ. ಅದು ಮನೆಯಲ್ಲಿ ಬೇರೆಯವರ ಸ್ವತ್ತು.

ಉಜ್ಜುವುದರ ಬಗ್ಗೆ ಹೇಳಬೇಕಾದದ್ದು ಕಡಿಮೆ. ಸ್ಯಾಂಡ್ ಪೇಪರಿನಿಂದ ಎದ್ದ ಪುಡಿ ಮಾರನೆಯ ದಿನದ ಸಾರಿನಲ್ಲಿ ಸಿಗುತ್ತದೆ.

ಹೊದಿಕೆಯದು ಹೆಚ್ಚು ಗಂಭೀರ ವಿಷಯ. ಹಳೆಯ ಸಂಪ್ರದಾಯದಲ್ಲಿ ತೆಳುಕಾಗದವನ್ನೋ ರೇಷ್ಮೆಯನ್ನೋ ಹೊದಿಸಿ, ನೀರು ಸಿಂಪಡಿಸಿ ಬಿಗಿಮಾಡಿ, ಮೇಲೆ ಡೋಪ್ ಎಂಬ ಘಾಟು ದ್ರವ ಬಳಿಯುತ್ತಾರೆ. ಡೋಪ್ ಒಣಗುತ್ತ ಕುಗ್ಗಿ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಕಿಟಕಿ ತೆರೆದಿಡದಿದ್ದರೆ ಮನೆಯವರು ತಾವಾಗಿಯೇ ಹೊರಗೆ ಹೋಗುತ್ತಾರೆ. ಹೊಸ ಸಂಪ್ರದಾಯದಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಪ್ಲಾಸ್ಟಿಕ್ ಹೊದಿಕೆ ಅಂಟಿಸುತ್ತಾರೆ; ಆಮೇಲೆ ಆ ಪೆಟ್ಟಿಗೆಯಿಂದ ಬಿಳಿ ಅಂಗಿ ಇಸ್ತ್ರಿ ಮಾಡಿದರೆ ಅಂಗಿಗೂ ಕೆಂಪು ಪಟ್ಟೆ ಬರುತ್ತದೆ. ಎರಡರಲ್ಲೂ ಅಪಾಯ ಒಂದೇ. ಹೊದಿಕೆ ಕುಗ್ಗುವಾಗ ರೆಕ್ಕೆಯನ್ನು ಸಮತಲದ ಮೇಲೆ ಒತ್ತಿಹಿಡಿಯದಿದ್ದರೆ ಅದು ಒಣಹಪ್ಪಳದ ಹಾಗೆ ತಿರುಚಿಕೊಳ್ಳುತ್ತದೆ. ತಿರುಚಿದ ರೆಕ್ಕೆಯ ವಿಮಾನ ಒಂದೇ ಕಡೆಗೆ ತಿರುಗುತ್ತದೆ. ಇದು ದೋಷವೋ ಶೈಲಿಯೋ ಎಂಬುದು ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಅವಲಂಬಿಸಿದೆ.

ಆಮೇಲೆ ಒಡಲಿಗೆ ರೇಡಿಯೊ ಸಂಕೇತ ಹಿಡಿಯುವ ರಿಸೀವರ್, ಬಾಲದಲ್ಲಿ ಆಡುವ ರಡ್ಡರ್ ಮತ್ತು ಎಲಿವೇಟರ್‌ಗಳನ್ನು ತಿರುಗಿಸಲು ಸರ್ವೊ ಎಂಬ ಎರಡು ಪುಟ್ಟ ಮೋಟರು, ಬ್ಯಾಟರಿ ಇಡಬೇಕು. ಹಳೆಯ ಎಂಜಿನ್ನಿಗೆ ಹೋಲಿಸಿದರೆ ಇಂದಿನ ವಿದ್ಯುತ್ ಮೋಟರ್ ಬಲು ಹಗುರ. ಆದ್ದರಿಂದ ಬ್ಯಾಟರಿ ಆದಷ್ಟೂ ಮೂತಿಗೆ ಹತ್ತಿರವಿರಬೇಕು. ನಕ್ಷೆಯಲ್ಲಿ ಗುರುತಿಸಿದ ತೂಕದ ಕೇಂದ್ರದ ಕೆಳಗೆ ಎರಡೂ ಕೈಯ ಬೆರಳಿಟ್ಟು ಎತ್ತಿದಾಗ ವಿಮಾನ ಸಮನಾಗಿ ನಿಲ್ಲಬೇಕು. ಮೊದಲ ಬಾರಿ ಬಾಲ ಧಡಕ್ಕನೆ ಕೆಳಗೆ ಹೋಗುತ್ತದೆ. ಭದ್ರವಾದ ಬಾಲಕ್ಕೆ ಧಾರಾಳವಾಗಿ ಸುರಿದ ಅಂಟಿನ ಬಾಕಿ ವಸೂಲಾಗುವುದು ಇಲ್ಲಿ, ಸೀಸದ ರೂಪದಲ್ಲಿ, ಒಂದಕ್ಕೆ ಮೂರರ ಬಡ್ಡಿಯಲ್ಲಿ.

ಹಾರಾಟಕ್ಕೆ ಗಾಳಿಯಿಲ್ಲದ ಬೆಳಗು, ಎತ್ತರ ಬೆಳೆದ ಹುಲ್ಲು ಶ್ರೇಷ್ಠ. ಇದ್ದಷ್ಟು ಗಾಳಿಗೆ ಎದುರಾಗಿ, ಭರ್ಜಿ ಎಸೆದಂತೆ ನೇರವಾಗಿ ಬಿಡಬೇಕು, ಮೇಲಕ್ಕೆ ಎಸೆಯಬಾರದು. ಬಿಟ್ಟೊಡನೆ ವಿಮಾನ ಹಾರುತ್ತದೆ. ಇಲ್ಲಿಯ ತನಕ ಐದನೆಯ ಬಲ ಪ್ರವೇಶಿಸಿರುವುದಿಲ್ಲ. ದೂರ ಹೋಗುತ್ತಿರುವ ವಿಮಾನವನ್ನು ಎಡಕ್ಕೆ ತಿರುಗಿಸಲು ಕೈಯಲ್ಲಿನ ರೇಡಿಯೊ ಪೆಟ್ಟಿಗೆಯ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಎಲ್ಲ ಸರಿ. ಅದೇ ವಿಮಾನ ಎದುರಿಗೆ ಬರುವಾಗ ಅದರ ಎಡ ನೋಡುವವನ ಬಲವಾಗುತ್ತದೆ. ಎರಡು ಎಡ ರೆಕ್ಕೆ ಕಟ್ಟಿದವನಿಗೆ ಇದು ಹೊಸ ಸಮಸ್ಯೆಯೇನಲ್ಲ, ಹಳೆಯ ಸಮಸ್ಯೆ ವೇಗ ಪಡೆದಿದೆ ಅಷ್ಟೇ. ಅವನು ತಿದ್ದುತ್ತಾನೆ, ವಿಮಾನ ಇನ್ನಷ್ಟು ವಾಲುತ್ತದೆ, ಇನ್ನಷ್ಟು ತಿದ್ದುತ್ತಾನೆ. ಕಡ್ಡಿಯಿಂದ ಬೆರಳು ತೆಗೆದು ಎಲಿವೇಟರನ್ನೂ ರಡ್ಡರನ್ನೂ ನಡುವಿಗೆ ಬಿಟ್ಟರೆ, ಎತ್ತರ ಸಾಕಷ್ಟಿದ್ದಲ್ಲಿ, ಅದು ತನ್ನಷ್ಟಕ್ಕೆ ನೆಟ್ಟಗಾಗುತ್ತದೆ. ಬೆರಳು ತೆಗೆಯುವುದು ಮನುಷ್ಯಸ್ವಭಾವದಲ್ಲಿಲ್ಲ. ಹೆಬ್ಬೆರಳು ಇನ್ನೂ ಅಂಟಿಕೊಂಡಿರುವ ಸಂದರ್ಭ ಬೇರೆ.

ಚಕ್ರ ಮೊದಲು ನೆಲ ಮುಟ್ಟಿದರೆ ಅದನ್ನು ಇಳಿತವೆನ್ನುತ್ತಾರೆ. ಬೇರೇನಾದರೂ ಮೊದಲು ಮುಟ್ಟಿದರೆ ಆಗ ರಬ್ಬರ್ ಬ್ಯಾಂಡುಗಳ ಕೆಲಸ. ಹಳೆಯ ವಿನ್ಯಾಸಕಾರರು ರೆಕ್ಕೆಯನ್ನು ಒಡಲಿಗೆ ಬೋಲ್ಟಿನಿಂದ ಬಿಗಿಯದೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದು ಈ ಗಳಿಗೆಗಾಗಿಯೇ: ಪೆಟ್ಟು ಬಿದ್ದಾಗ ಬ್ಯಾಂಡು ಹಿಗ್ಗಿ, ರೆಕ್ಕೆ ಮುರಿಯದೆ ಕಳಚಿ ಬೀಳುತ್ತದೆ. ಹಾರಿಸುವವನನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ವಿಮಾನದಲ್ಲೂ ಅವನಿಗಾಗಿ ಇಷ್ಟು ಏರ್ಪಾಡು ಇತ್ತು. ಕಳಚಿದ್ದನ್ನು ಹುಲ್ಲಿನಿಂದ ಆರಿಸಿ ತಂದು ಅದೇ ಮೇಜಿನ ಮೇಲೆ, ಅದೇ ನಕ್ಷೆಯ ಮೇಲೆ ಹರಡಿ ರಿಪೇರಿ ಮಾಡುತ್ತಾರೆ. ಬ್ಯಾಂಡು ಅತಿಯಾಗಿ ಬಿಗಿದಿದ್ದರೆ ಮಾತ್ರ ರೆಕ್ಕೆ ಮುರಿದಿರುತ್ತದೆ. ಮುರಿದದ್ದು ಎಡ ರೆಕ್ಕೆಯಾದರೆ ಅಟ್ಟದ ಮೇಲಿರುವ ಹೆಚ್ಚುವರಿ ಎಡ ರೆಕ್ಕೆ ಬಳಕೆಗೆ ಬರುತ್ತದೆ. ಮುರಿಯುವುದು ಬಲ ರೆಕ್ಕೆ.