ಟ್ರ್ಯಾಕ್ಟರ್ ಸದ್ದು ಕಳೆದು ಉಳಿದದ್ದು

ಗೌರಿಬಿದನೂರಿನ ಬಳಿ ನೆಲಕ್ಕೆ ಕಿವಿ ಹಚ್ಚಿ ಕೂತ ಒಂದು ಕೇಂದ್ರವಿದೆ. ದೂರದ ಯಾವುದೋ ದೇಶ ನೆಲದಡಿಯಲ್ಲಿ ಗುಟ್ಟಾಗಿ ಅಣುಬಾಂಬ್ ಸಿಡಿಸಿದರೆ ಅದರ ನಡುಕವನ್ನು ಇಲ್ಲಿ ಕೂತೇ ಹಿಡಿಯಬೇಕೆಂದು 1960ರ ದಶಕದಲ್ಲಿ ಹೂಡಿದ ಭೂಕಂಪನ ಮಾಪಕಗಳ ಜಾಲ ಅದು. ನೋಡಿಕೊಳ್ಳುವವರು ಭಾಭಾ ಅಣು ಸಂಶೋಧನಾ ಕೇಂದ್ರದವರು. ಅದೇ ತಾಲ್ಲೂಕಿನಲ್ಲಿ ಇನ್ನೊಂದು ಕಿವಿ ಆಕಾಶದ ಕಡೆಗಿದೆ. 1976ರಲ್ಲಿ ಕೆಲಸ ಶುರುಮಾಡಿದ ಆ ರೇಡಿಯೊ ದೂರದರ್ಶಕದಲ್ಲಿ ಸಾವಿರ ಡೈಪೋಲ್ ಆಂಟೆನಾಗಳು ಹೊಲದ ಬೇಲಿಗೂಟಗಳಂತೆ ನಿಂತು, 34.5 ಮೆಗಾಹರ್ಟ್ಸ್‌ನಲ್ಲಿ ಸೂರ್ಯನೂ ಗ್ಯಾಲಕ್ಸಿಗಳೂ ಏನೆನ್ನುತ್ತಿವೆ ಎಂದು ಆಲಿಸುವ ವ್ಯವಸ್ಥೆ. ಇಬ್ಬರಿಗೂ ಬೇಕಾದದ್ದು ಒಂದೇ: ಊರಿನ ಗದ್ದಲ ತಲುಪದ ಜಾಗ.

ಇಂಥ ಜಿಲ್ಲೆಯಲ್ಲಿ ತನಗೂ ಒಂದು ಮುಂಜಾನೆಯ ಮಟ್ಟಿಗೆ ನಿಶ್ಶಬ್ದ ಸಿಕ್ಕೇ ಸಿಗುತ್ತದೆ ಎಂದು ಹೊರಟವರು ಬೆಂಗಳೂರಿನ ಒಬ್ಬ ಕಚೇರಿ ನೌಕರ ಮತ್ತು ಬಿಡುವಿನ ಪ್ರಬಂಧಕಾರ. (ಈ ಸಾಲುಗಳನ್ನು ಬರೆಯುತ್ತಿರುವ ಕೈಯೂ ಅವರದೇ. ನಾಚಿಕೆಗೆ ಪ್ರಥಮ ಪುರುಷದ ಪರದೆ ಎಳೆದುಕೊಂಡಿದ್ದಾರೆ, ಅಷ್ಟೆ.) ಅವರ ಕಷ್ಟ ಓದುಗರಿಗೆ ಹೊಸದಲ್ಲ. ‘ಒಂದೇ ನಿಮಿಷ ಸಾರ್’ ಎಂದು ಬಂದವರು ಕುರ್ಚಿ ಎಳೆದುಕೊಳ್ಳುತ್ತಾರೆ. ಮೇಲ್ ಕಳಿಸಿದವರು, ಮೇಲ್ ಕಳಿಸಿದ್ದೇನೆ ಎಂದು ವಾಟ್ಸ್‌ಆ್ಯಪ್ ಮಾಡಿ, ವಾಟ್ಸ್‌ಆ್ಯಪ್ ನೋಡಿದಿರಾ ಎಂದು ಫೋನ್ ಮಾಡುತ್ತಾರೆ.

ಪ್ರಬಂಧಕಾರರು ಆರಿಸಿಕೊಂಡದ್ದು ಸ್ಕಂದಗಿರಿ. ಹಳಬರ ಬಾಯಲ್ಲಿ ಕಳವಾರದುರ್ಗ. ಸುಮಾರು 1450 ಮೀಟರ್ ಎತ್ತರ, ತಪ್ಪಲಲ್ಲಿ ಪಾಪಾಗ್ನಿ ಮಠ, ನೆತ್ತಿಯ ಮೇಲೆ ಪಾಳುಬಿದ್ದ ಕೋಟೆ. ಈಗ ಹತ್ತುವುದಕ್ಕೆ ಆನ್‌ಲೈನ್‌ನಲ್ಲಿ ಮುಂಗಡ ಟಿಕೆಟ್ ಮಾಡಿಸಬೇಕು. ಅಂದರೆ ಜನ ಸೇರುವ ಜಾಗ ಎಂದು ಸರ್ಕಾರವೇ ಸೂಚನೆ ಕೊಟ್ಟಿದೆ. ಸೂಚನೆಯನ್ನು ಪ್ರಬಂಧಕಾರರು ಸೂಚನೆಯಾಗಿ ತೆಗೆದುಕೊಳ್ಳಲಿಲ್ಲ. ಕತ್ತಲಲ್ಲಿ ಏದುಸಿರು ಬಿಡುತ್ತ ಹತ್ತಿ, ಕೋಟೆಗೋಡೆಗೆ ಬೆನ್ನು ಕೊಟ್ಟು, ಫೋನ್ ಸ್ವಿಚ್ ಆಫ್ ಮಾಡಿ, ನೋಟ್‌ಬುಕ್ ತೆರೆದು ‘ಏಕಾಗ್ರತೆ’ ಎಂದು ತಲೆಬರಹ ಬರೆದು ಕೆಳಗೆ ಎರಡು ಗೆರೆ ಎಳೆದರು. ಕಾಲ ಕೆಳಗೆ ಮೋಡ ಹಾಸಿತ್ತು.

‘ಅಂಕಲ್, ಒಂದು ಫೋಟೋ ತೆಗೀತೀರಾ?’

ಹೊಸದಾಗಿ ಮದುವೆಯಾದ ಜೋಡಿ. ಇಲ್ಲ ಎನ್ನಲಾದೀತೇ? ತೆಗೆದರು. ಚೆನ್ನಾಗಿ ಬಂತು. ಅದೇ ಆದ ಅನಾಹುತ. ಜೋಡಿಯ ಹಿಂದೆ ಅವರ ಸ್ನೇಹಿತರು, ಅವರ ಹಿಂದೆ ಕಂಪನಿಯ ಬ್ಯಾನರ್ ಹಿಡಿದ ಹನ್ನೆರಡು ಜನ. ಅಷ್ಟರಲ್ಲಿ ಸೂರ್ಯ ಮೋಡದಂಚಿನಿಂದ ತಲೆ ಎತ್ತಿದ. ಒಬ್ಬನಿಗೆ ಸೂರ್ಯ ಅಂಗೈಯಲ್ಲಿ ಕೂರಬೇಕು. ‘ಕೈ ಸ್ವಲ್ಪ ಕೆಳಗೆ ತಮ್ಮಾ. ಇನ್ನೂ ಕೆಳಗೆ. ಈಗ ಮೊಣಕೈ ಮೇಲಿದಾನೆ, ಬಲಕ್ಕೆ ಬಾ.’ ಸೂರ್ಯ ನಿಂತಲ್ಲಿ ನಿಲ್ಲುವ ಕುಳವಲ್ಲ. ಕೈ ಸರಿಹೋಗುವ ಹೊತ್ತಿಗೆ ಅವನು ಮೇಲಕ್ಕೆ ಹೋಗಿರುತ್ತಾನೆ. ಪ್ರಬಂಧಕಾರರು ಮೊಣಕಾಲೂರಿದರು. ಆಮೇಲೆ ಮಲಗಿಯೇ ಬಿಟ್ಟರು. ಇನ್ನೊಬ್ಬನಿಗೆ ಎರಡು ಬೆರಳ ನಡುವೆ ಬೇಕು. ಮತ್ತೊಬ್ಬ ಬಾಲ ಹನುಮನ ಹಾಗೆ ಸೂರ್ಯನನ್ನು ನುಂಗಬೇಕು. ‘ಬಾಯಿ ಇನ್ನೂ ಅಗಲ. ಹಲ್ಲು ಅಡ್ಡ ಬರ್ತಿದೆ. ಹಾಂ, ಹಂಗೇ ಇರು, ಉಸಿರಾಡ್ಬೇಡ!’ ಸರತಿಯ ಸಾಲು ಬೆಳೆಯಿತು. ಯಾರೋ ಪುಣ್ಯಾತ್ಮ ತಾನಾಗಿಯೇ ಸಾಲು ನೇರ ಮಾಡಲು ನಿಂತ. ಸಾಲಿನ ಕೊನೆಯವನು ಪಕ್ಕದವನನ್ನು ‘ಇವರು ಎಷ್ಟು ಚಾರ್ಜ್ ಮಾಡ್ತಾರೆ?’ ಎಂದು ವಿಚಾರಿಸಿದ್ದು ಪ್ರಬಂಧಕಾರರ ಕಿವಿಗೂ ಬಿತ್ತು. ಒಳಗೊಳಗೇ ಹಿಗ್ಗಿದರು. ಹೊಟ್ಟೆಯ ಮೇಲೆ ಮಲಗಿ, ಒಂದು ಕಣ್ಣು ಮುಚ್ಚಿ, ಸೂರ್ಯನನ್ನು ಒಬ್ಬ ಹುಡುಗಿಯ ಕಿವಿಯೋಲೆಗೆ ಇಳಿಬಿಡುತ್ತಿದ್ದಾಗ ಯಾರೋ ಬಂದು ‘ಸಾರ್, ಇಳಿಯೋ ದಾರಿ ಯಾವ ಕಡೆ?’ ಎಂದರು.

‘ಕಾಣಿಸೋದಿಲ್ವೇನ್ರೀ, ಕೆಲಸ ಮಾಡ್ತಿದೀನಿ!’

ಕಚೇರಿಯಲ್ಲಿ ಎಂದೂ ಹೊರಬಾರದ ಆ ವಾಕ್ಯ ಸ್ಕಂದಗಿರಿಯ ತುದಿಯಲ್ಲಿ ಸಲೀಸಾಗಿ ಹೊರಬಂತು. ಆ ಬೆಳಗ್ಗೆಯಷ್ಟು ಹೊತ್ತು ಅವರ ಗಮನ ಒಂದೇ ಕಡೆ ನಿಂತದ್ದಿಲ್ಲ. ಫೋನಿನ ನೆನಪಿಲ್ಲ, ತಿಂಡಿಯ ನೆನಪಿಲ್ಲ. ನೋಟ್‌ಬುಕ್‌ನ ನೆನಪೂ ಇರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಿಲ್ಲ.

ಇಳಿದು ಮುದ್ದೇನಹಳ್ಳಿಗೆ ಹೋಗಬಹುದಿತ್ತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಹುಟ್ಟೂರು, ಸಮಾಧಿ ಎರಡೂ ಅಲ್ಲೇ. ಆದರೆ ಸಮಯಪಾಲನೆಗೆ ಅಷ್ಟು ಹೆಸರಾದವರ ಮುಂದೆ ಪ್ಯಾಂಟಿಗೆಲ್ಲ ಮಣ್ಣು ಮೆತ್ತಿಕೊಂಡು, ಅದೂ ತಡವಾಗಿ, ನಿಲ್ಲುವ ಧೈರ್ಯವಾಗಲಿಲ್ಲ. ಗಾಡಿ ಶಿಡ್ಲಘಟ್ಟಕ್ಕೆ ತಿರುಗಿತು.

ಶಿಡ್ಲಘಟ್ಟವೆಂದರೆ ರೇಷ್ಮೆ ಗೂಡಿನ ಮಾರುಕಟ್ಟೆ, ಮತ್ತು ಬೀದಿಗೆ ಬರುವ ನೂಲು ಬಿಚ್ಚಾಣಿಕೆಯ ವಾಸನೆ. ಒಂದು ಒಳ್ಳೆಯ ದ್ವಿತಳಿ ಗೂಡಿನ ಎಳೆ ಸಾವಿರ ಮೀಟರ್ ಮೀರುತ್ತದೆ. ಬಿಸಿನೀರಿನಲ್ಲಿ ತೇಲುವ ಹಲವು ಗೂಡುಗಳ ಎಳೆ ಸೇರಿದರೆ ಒಂದು ನೂಲು. ನಡುವೆ ಒಂದು ಗೂಡು ಮುಗಿದರೆ ತಕ್ಷಣ ಇನ್ನೊಂದರ ತುದಿ ಹಚ್ಚಬೇಕು. ಕಣ್ಣು ಅತ್ತಿತ್ತ ಹೋದರೆ ನೂಲು ತೆಳುವಾಗುತ್ತದೆ, ದರ ಇಳಿಯುತ್ತದೆ. ಪ್ರಬಂಧಕಾರರು ಒಂದು ಘಟಕದ ಬಾಗಿಲಲ್ಲಿ ನಿಂತು, ಬೋಗುಣಿಯ ಮುಂದಿದ್ದ ಹೆಂಗಸನ್ನು ‘ಇಷ್ಟೊಂದು ಏಕಾಗ್ರತೆ ಹೇಗಮ್ಮಾ ಸಾಧ್ಯ?’ ಎಂದು ಕೇಳಿಯೇಬಿಟ್ಟರು.

ಆಕೆ ತಲೆ ಎತ್ತಲಿಲ್ಲ. ‘ಬೆಳಕಿಗೆ ಅಡ್ಡ ನಿಂತಿದ್ಯಲ್ಲಣ್ಣ, ವಸಿ ಆ ಕಡೆ ಸರ್ಕೊ.’

ನೀರಿನಲ್ಲಿ ನೆನೆದು ನೆನೆದು ಆಕೆಯ ಬೆರಳ ತುದಿಗಳು ಬಿಳುಚಿದ್ದವು. ಏಕಾಗ್ರತೆಯ ಬಗ್ಗೆ ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ರಾಶಿ ಪುಸ್ತಕ ಮಾರುತ್ತಾರೆ. ಅವೆಲ್ಲ ‘ಬೇಡ’ ಎನ್ನುವ ಅಧಿಕಾರ ಇದ್ದವರಿಗಾಗಿ ಬರೆದವು. ಆ ಬೋಗುಣಿಯ ಮುಂದೆ ಕೂತವರು ಕಣ್ಣು ಕದಲಿಸದಿರುವುದು ಯಾವ ಸಾಧನೆಗೂ ಅಲ್ಲ, ಕೂಲಿಗೆ. ಪ್ರಬಂಧಕಾರರು ಸರಿದುಕೊಂಡರು.

ಬೆಂಗಳೂರಿಗೆ ಮರಳುವಾಗ ಅವರ ತಲೆಯಲ್ಲಿ ಉಳಿದದ್ದು ಗೌರಿಬಿದನೂರಿನ ಉಪಾಯ. ಮಾಪಕಗಳನ್ನು ಅಲ್ಲಿ ಒಂದೇ ಕಡೆ ಗುಡ್ಡೆ ಹಾಕಿಲ್ಲ, ಎರಡು ಸಾಲಾಗಿ ದೂರದೂರ ಹರಡಿದ್ದಾರೆ. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಓಡಿದರೆ ಹತ್ತಿರದ ಮಾಪಕ ಮಾತ್ರ ಅಲುಗುತ್ತದೆ. ದೂರದಿಂದ ಬಂದ ನಿಜವಾದ ಕಂಪನವಾದರೆ ಒಂದರ ಹಿಂದೊಂದರಂತೆ ಎಲ್ಲ ಮಾಪಕಗಳನ್ನೂ ದಾಟುತ್ತದೆ. ಎಲ್ಲದರ ದಾಖಲೆಯನ್ನು ಕಾಲಕ್ಕೆ ಹೊಂದಿಸಿ ಕೂಡಿದರೆ ಟ್ರ್ಯಾಕ್ಟರ್ ಸದ್ದು ಅಡಗುತ್ತದೆ, ಸುದ್ದಿ ಎದ್ದು ನಿಲ್ಲುತ್ತದೆ.

ಸೋಮವಾರದಿಂದ ಕಚೇರಿಯಲ್ಲಿ ಇದೇ ಪದ್ಧತಿ ಜಾರಿಯಾಯಿತು. ಮೇಲ್, ವಾಟ್ಸ್‌ಆ್ಯಪ್, ಫೋನ್, ಖುದ್ದು ಬಂದವರು: ನಾಲ್ಕು ಮಾಪಕ. ಒಂದರಲ್ಲಿ ಮಾತ್ರ ಬಂದದ್ದು ಟ್ರ್ಯಾಕ್ಟರ್, ಮುಟ್ಟುವುದಿಲ್ಲ. ನಾಲ್ಕರಲ್ಲೂ ಬಂದರಷ್ಟೇ ಮೇಜು ಬಿಟ್ಟು ಏಳುವುದು. ಅದ್ಭುತವಾದ ಶಾಂತಿ. ಅಕ್ಕಪಕ್ಕದವರಿಗೆ ಅವರ ಆರೋಗ್ಯದ ಬಗ್ಗೆ ಅನುಮಾನ ಬರುವಷ್ಟು ಶಾಂತಿ. ಬುಧವಾರ ಮಧ್ಯಾಹ್ನ ಕೊನೆಗೂ ಮೇಲ್ ಬಂತು, ವಾಟ್ಸ್‌ಆ್ಯಪ್ ಗುಂಯ್ಗುಟ್ಟಿತು, ಫೋನ್ ಬಡಿಯಿತು, ಅಟೆಂಡರ್ ಓಡಿಬಂದ. ಲೆಕ್ಕದ ಪ್ರಕಾರ ಇದು ಅಣುಬಾಂಬ್. ಪ್ರಬಂಧಕಾರರು ಧಡಕ್ಕನೆ ಎದ್ದು ಮೆಟ್ಟಿಲು ಹತ್ತಿದರು.

ಮ್ಯಾನೇಜರ ಹುಟ್ಟುಹಬ್ಬ. ಮೊಟ್ಟೆ ಹಾಕದ ಕೇಕ್, ಅಂಚಿಗೆ ಗೋಡಂಬಿ. ಎರಡು ತುಂಡು ತಿಂದು ಕೆಳಗೆ ಬಂದಾಗ ತಿಳಿದದ್ದು, ಆಡಿಟ್ ಆಕ್ಷೇಪಣೆಗೆ ಅಂದೇ ಉತ್ತರ ಕೊಡಬೇಕೆಂಬ ಸೂಚನೆ ಸೋಮವಾರವೇ ಬಂದಿತ್ತು. ಮೇಲ್‌ನಲ್ಲಿ ಮಾತ್ರ, ಒಂದೇ ಸಲ. ಪ್ರಬಂಧಕಾರರು ಅದನ್ನು ಟ್ರ್ಯಾಕ್ಟರ್‌ಗಳ ಫೋಲ್ಡರಿನಲ್ಲಿ ಅಚ್ಚುಕಟ್ಟಾಗಿ ಇಟ್ಟಿದ್ದರು.