ಆ ಪೊದೇಲಿ ಏನೋ ಐತೆ!

ಜೋಗಿಮಟ್ಟಿ ಕಾಡಿಗೆ ಹೋಗೋದು ಅಂತ ತೀರ್ಮಾನ ಆದ ಗಳಿಗೆಯಿಂದ್ಲೇ ನಿಮ್ಮ ಕಣ್ಣು ನಿಮ್ಮ ಮಾತು ಕೇಳೋದು ಬಿಟ್ಟಿರುತ್ತೆ. ಹೌದೋ ಅಲ್ವೋ? ಚಿತ್ರದುರ್ಗದ ಪೇಟೇಲಿ ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸ್ಕೊಳ್ಳೋವಾಗ ನಿಮ್ಮ ಗತ್ತೇನು, ಗದರಿಕೆಯೇನು! (ಖಾರ ಕಮ್ಮಿ ಅಂತ ಜಗಳ ಬೇರೆ.) ಆಡುಮಲ್ಲೇಶ್ವರ ದಾಟಿ, ಅರಣ್ಯ ಇಲಾಖೆ ಗೇಟು ಹಿಂದಾಯ್ತು ನೋಡಿ, ದನಿ ತಾನಾಗೇ ಇಳೀತು.

"ಶ್! ಆ ಪೊದೇಲಿ ಏನೋ ಐತೆ." ಅಂದೋರು ಯಾರು? ನೀವೇ. ಇದ್ದದ್ದೇನು? ಒಂದು ಓತಿಕ್ಯಾತ. (ಒಣ ಎಲೆ ಮೇಲೆ ಎಮ್ಮೆಯಷ್ಟು ಸದ್ದು ಮಾಡೋ ವಿದ್ಯೆ ಅದಕ್ಕೆ ಒಲಿದಿದೆ.) ಅಷ್ಟರಲ್ಲಿ ನೀವು ಕಾರಿನ ಬಾಗಿಲ ಹತ್ರ ಇದ್ರಿ. ಹೆಂಡತಿ-ಮಕ್ಕಳು ಎಲ್ಲಿದ್ರು, ಕೇಳಬಾರದು ಬಿಡಿ.

ನಾಚ್ಕೋಬೇಡಿ. ಮೆದುಳಿನೊಳಗೆ ಬಾದಾಮಿ ಆಕಾರದ್ದೊಂದು ಅಮಿಗ್ಡಲಾ ಕೂತಿದೆ. ಏನು, ಎತ್ತ ಅಂತ ನೀವು ಪೂರ್ತಿ ನೋಡೋಕೆ ಮುಂಚೆಯೇ ಅದು ಗಂಟೆ ಬಾರಿಸಿಬಿಡುತ್ತೆ. ಓತಿಕ್ಯಾತಾನ ಚಿರತೆ ಅಂದ್ಕೊಂಡು ಓಡಿದೋನು ಬದುಕ್ಕೊಂಡ. ಚಿರತೇನ ಓತಿಕ್ಯಾತ ಅಂದ್ಕೊಂಡೋನ ವಂಶ ಅಲ್ಲಿಗೇ ನಿಂತಿತು. ನಾವೆಲ್ಲ ಪುಕ್ಕಲರ ಮೊಮ್ಮಕ್ಕಳು ಕಣ್ರಿ!

ದುರ್ಗದ ಕೋಟೆ ಹತ್ತಿದಾಗಲೂ ಇದೇ ಕತೆ. ಮನಃಶಾಸ್ತ್ರದೋರು ಪರೀಕ್ಷೆ ಮಾಡಿ ನೋಡಿದ್ದಾರೆ: ಬಾಲ್ಕನಿ ಮೇಲಿಂದ ಬಗ್ಗಿ ನೋಡಿದೋರಿಗೆ ಎತ್ತರ ಇರೋದಕ್ಕಿಂತ ಜಾಸ್ತಿ ಕಾಣುತ್ತೆ, ಹೆದರೋರಿಗೆ ಇನ್ನೂ ಜಾಸ್ತಿ. ಅದೇ ಕೋಟೆ ಗೋಡೇನ ಬರಿಗೈಲಿ ಸರಸರ ಹತ್ತೋ ನಮ್ಮ ಜ್ಯೋತಿರಾಜ್ ಕಣ್ಣಿಗೆ ಅದೆಷ್ಟು ಗಿಡ್ಡ ಕಾಣುತ್ತೋ! (ಕೆಳಗೆ ನಿಂತು ನೋಡೋ ನಿಮಗೆ ಯಾಕೆ ಅಂಗೈ ಬೆವರಬೇಕು?)

ಇನ್ನು ಹೊಸದುರ್ಗದ ಕಡೆ, ಮಾರಿಕಣಿವೆ ಹಿನ್ನೀರಿನ ದಡ. ಕತ್ತಲಾಗಿದೆ. ಮೊಬೈಲ್ ಟಾರ್ಚ್ ಬಿಟ್ರಿ, ದೂರದಲ್ಲಿ ಎರಡು ಕಣ್ಣು ಫಳಫಳ! ಅಷ್ಟೇ, ಕುಲದೇವರು ಮನೆದೇವರು ಎಲ್ಲಾ ನೆನಪಾದ್ರು. ದನದ ಕಣ್ಣೂ ಹೊಳೆಯುತ್ತೆ ಸ್ವಾಮಿ, ಮೇಕೇದೂ ಹೊಳೆಯುತ್ತೆ. ಕತ್ತಲಿಗೆ ಕಣ್ಣು ಹೊಂದ್ಕೊಳ್ಳೋಕೆ ಹೆಚ್ಚುಕಮ್ಮಿ ಅರ್ಧ ಗಂಟೆ ಬೇಕು. ನೀವೋ, ನಿಮಿಷಕ್ಕೊಂದು ಸಲ ಟಾರ್ಚ್ ಹಾಕಿ, ಕುರುಡಾಗಿ, ಮತ್ತೆ ಹೆದರ್ತೀರಿ.

ಮಜಾ ಏನ್ ಗೊತ್ತಾ? ಭಯಕ್ಕೂ ಆಯ್ಕೆ ಇದೆ. ಜೋಗಿಮಟ್ಟಿ 2015ರಲ್ಲಿ ವನ್ಯಜೀವಿಧಾಮ ಆದ ಕಾಡು, ಚಿರತೆ ಇಲ್ಲ ಅಂತಲ್ಲ. ಆದ್ರೆ ಕರಡೀನೂ ಇದೆಯಲ್ಲ? ಗೆದ್ದಲು, ಹಣ್ಣು ಹುಡುಕ್ತಾ ತಲೆ ತಗ್ಗಿಸಿ ಬರುತ್ತೆ, ತಟ್ಟನೆ ಎದುರು ಸಿಕ್ರೆ ಗಾಬರಿಬಿದ್ದು ಮೈಮೇಲೇ ಎರಗುತ್ತೆ. ಅದ್ಯಾಕೋ ನಿಮ್ಮ ಲೆಕ್ಕಕ್ಕೇ ಇಲ್ಲ. ಜಾಂಬವಂತ, ಪಾಪ, ನಮ್ಮೋನೇ ಅಂತ! ತಪ್ಪಲಲ್ಲಿ ಕುರಿ ಕಾಯೋ ಅಜ್ಜನ್ನ ಕೇಳಿ. ಅವನೂ ಹೆದರ್ತಾನೆ, ಆದ್ರೆ ನೆಲ ನೋಡ್ಕೊಂಡು: ಹೆಜ್ಜೆ, ಲದ್ದಿ, ಕೆದರಿದ ಹುತ್ತ. ಪೊದೆ ಕಡೆ ಬಾಯಿಬಿಟ್ಕೊಂಡು ನಿಲ್ಲಲ್ಲ.

ಹಂಗೂ ಹಿಂಗೂ ಹೊರಟ್ರಿ. ಹಿರಿಯೂರಿನ ಹೈವೇ ಹತ್ತಿದ ಕೂಡ್ಲೇ ಸೀಟ್‌ಬೆಲ್ಟ್ ಬಿಚ್ಚಿ, ಒಂದು ಕೈಲಿ ಫೋನು, ಒಂದು ಕೈಲಿ ಸ್ಟೀರಿಂಗು. ಎದೆ ಒಂಚೂರೂ ಹೊಡ್ಕೊಳ್ಳಲ್ಲ. ಲಾರಿಗೆ ಉಗುರಿಲ್ಲ ನೋಡಿ!

ಮನೆಗೆ ಬಂದೋರೇ ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕಿದ್ರಿ, ಒಂದು ಕರಿ ಬಂಡೆಗೆ ಕೆಂಪು ಸುತ್ತು ಹಾಕಿ, "ಚಿರತೆ! ಇಪ್ಪತ್ತಡಿ ದೂರ, ಜಸ್ಟ್ ಮಿಸ್ಸು" ಅಂತ. ಹೊಳಲ್ಕೆರೆ ಭಾವ ಝೂಮ್ ಮಾಡಿ ಬಾಲ ಕಂಡುಹಿಡಿದ್ರು. ಅತ್ತಿಗೆಗೆ ಪಕ್ಕದಲ್ಲೇ ಎರಡು ಮರಿ ಕಂಡ್ವು. ನೀವೇನು ಇಲ್ಲ ಅಂದ್ರಾ?